ಗೇಟಿಗೆ ಹಾಕಿಸಿದ ಸ್ಪ್ರಿಂಗು

ನಮ್ಮೂರಿನಲ್ಲಿ ಹಳೆಯ ಸಣ್ಣ ಕಾರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಲು ಹೊರಟವರನ್ನು ಏಕೆ ಎಂದು ಯಾರೂ ಕೇಳುವುದಿಲ್ಲ. ಗ್ಯಾರೇಜಿನ ಅಂತೋಣಪ್ಪನವರು ಮಾತ್ರ ಕೇಳುತ್ತಾರೆ. ಅದೂ ತಲೆ ಎತ್ತದೆ, ಕೈಯಲ್ಲಿದ್ದ ಸ್ಪ್ಯಾನರ್ ಒರೆಸುತ್ತಾ, ಒಂದೇ ಮಾತು: “ಕಾರಿಗೆ ಬೇಕೋ, ಗೇಟಿಗೆ ಬೇಕೋ?”

ಗೇಟು ಎಂದರೆ ಶಾಲೆಯ ಗೇಟು. ಹೇಳದೆ ಒಳಗಿಟ್ಟುಕೊಂಡ ಮಾತು ನಮ್ಮಲ್ಲಿ ತೂಗುತ್ತದೆ. ನಡೆಯುವಾಗ ತಿಳಿಯುವುದಿಲ್ಲ, ಮಂಚವಾಗಲಿ ಕುರ್ಚಿಯಾಗಲಿ ತೋರಿಸಿಕೊಡುವುದಿಲ್ಲ. ಕಾರಿನಲ್ಲಿ ಕೂತಾಗ ಮಾತ್ರ ಕೂತವರ ಮೂಲೆ ಚಕ್ರದ ಮೇಲೆ ಇಳಿದುಬಿಡುತ್ತದೆ. ದೊಡ್ಡ ಗಾಡಿಗಳಾಗಿದ್ದರೆ ಅಷ್ಟು ಕಾಣುತ್ತಿರಲಿಲ್ಲವೇನೋ. ಆದರೆ ನಮ್ಮ ಓಣಿಗಳಲ್ಲಿ ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು, ಅಂಥ ಕಡೆ ದೊಡ್ಡ ಕಾರು ಎಲ್ಲಿ ನುಗ್ಗುತ್ತದೆ? ಹಾಗಾಗಿ ಊರಿಗೆ ಊರೇ ಸಣ್ಣ ಕಾರು, ಅದರಲ್ಲೂ ಇಪ್ಪತ್ತು ಇಪ್ಪತ್ತೈದು ವರ್ಷದವು. ನಮ್ಮದು ಮಾವನವರ ಕಾಲದ್ದು, ಕೆನೆ ಬಣ್ಣ, ಇಪ್ಪತ್ತೆರಡು ವರ್ಷ.

ಬೆಳಿಗ್ಗೆ ಮಕ್ಕಳನ್ನು ಇಳಿಸಲು ಬಂದ ಪ್ರತಿಯೊಂದು ಕಾರನ್ನೂ ಗೇಟಿನ ಗುರುಶಾಂತಪ್ಪ ನಿಲ್ಲಿಸುತ್ತಾರೆ. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಬೆರಳಿಡುತ್ತಾರೆ. ನಾಲ್ಕು ಬೆರಳು ಹೋದರೆ ಹೊರಡಿ ಎಂದು ಕೈ ಬೀಸುತ್ತಾರೆ. ಮೂರಾದರೂ ಪುಸ್ತಕದ ಚೀಲ, ಊಟದ ಡಬ್ಬಿ ಎಂದು ಬಿಟ್ಟುಬಿಡುತ್ತಾರೆ. ಎರಡೇ ಆದರೆ ಆ ಮೂಲೆಯಲ್ಲಿ ಕೂತಿದ್ದ ಮಗುವಿನ ಹೆಸರು ಕುಸುಮಾ ಮಿಸ್ಸಿಗೆ ಹೋಗುತ್ತದೆ. ಮಿಸ್ ಬೈಯುವವರಲ್ಲ. ಮಗುವನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡು, “ಏನಪ್ಪ, ಇಳಿಸ್ತೀಯಾ?” ಎನ್ನುತ್ತಾರೆ. ಮಗು ಹೇಳುತ್ತದೆ, ಅಳುತ್ತದೆ, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಕ್ಲಾಸಿಗೆ ಓಡುತ್ತದೆ. ಸಂಜೆ ಕಾರು ನೆಟ್ಟಗೆ ಮನೆಗೆ ಬರುತ್ತದೆ. ಒಳ್ಳೆಯ ಪದ್ಧತಿಯೇ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಾನೂ ಆ ಕಟ್ಟೆಯ ಮೇಲೆ ಇಳಿಸಿದವಳೇ.

ಆದರೆ ತಾಯಂದಿರಿಗೆ ಅದು ಬೇರೆಯೇ ಲೆಕ್ಕ. ಇಂಥವರ ಮನೆಯ ಚಕ್ರ ಇಳಿಯಿತಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಹಿಟ್ಟಿನ ಗಿರಣಿ ಮುಟ್ಟುತ್ತದೆ. “ಹೆತ್ತ ತಾಯಿಗೆ ಹೇಳಕ್ಕಾಗದೆ ಇದ್ದಿದ್ದನ್ನ ಮಗು ಮಿಸ್ಸಿಗೆ ಹೇಳ್ತಂತೆ ಕಣ್ರೀ,” ಎಂದು ಅಲ್ಲಿ ಯಾರಾದರೂ ಹೇಳಿದರೆ, ಆ ತಾಯಿ ನಾಲ್ಕು ದಿನ ಹಿಟ್ಟು ಬೀಸಿಸಲು ಬರುವುದಿಲ್ಲ. ಹೀಗೆ ಮಾತನಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮಗಳು ಇಂಚರಳಿಗೆ ಹತ್ತು ವರ್ಷ. ಎದುರು ಸಾಲಿನ ಮಂಗಳಳ ಮಗಳು ದಾಕ್ಷಾಯಿಣಿ ಅವಳದೇ ಕ್ಲಾಸು. ದಾಕ್ಷು ಎಂದು ಕರೆಯುತ್ತೇವೆ. ಮಂಗಳ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ, ಗಂಡ ತೀರಿಕೊಂಡು ಮೂರು ವರ್ಷ, ಅವರ ಮನೆಯಲ್ಲಿ ಕಾರಿಲ್ಲ. “ಒಂದು ಮಗು ಕರ್ಕೊಂಡು ಹೋಗೋ ಕಡೆ ಇನ್ನೊಂದು ಕೂತ್ರೆ ಏನು ಕಾರು ಸವೆದುಹೋಗುತ್ತಾ,” ಎಂದು ನಾನೇ ಕೇಳಿ ದಾಕ್ಷುವನ್ನು ಹತ್ತಿಸಿಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಎಡಕ್ಕೆ ಇಂಚರ, ಬಲಕ್ಕೆ ದಾಕ್ಷು. ದಾಕ್ಷು ವಾಚಾಳಿ. ದಾರಿಯಲ್ಲಿ ಕಂಡ ಕೋಳಿ, ಕತ್ತೆ, ಪೋಸ್ಟ್‌ಮ್ಯಾನ್ ಎಲ್ಲರಿಗೂ ಒಂದೊಂದು ಹೆಸರಿಟ್ಟು ನಮ್ಮನ್ನು ನಗಿಸುತ್ತಿದ್ದಳು.

ದಸರೆಯ ರಜೆಯಲ್ಲಿ ಇಂಚರ ನನ್ನ ತಂಗಿಯ ಮನೆಯಲ್ಲಿ, ಅವಳ ಮಗ ತೇಜುವಿನ ಜೊತೆ, ಹತ್ತು ದಿನ ಇದ್ದು ಬಂದಳು. ಬಂದವಳು ಸ್ವಲ್ಪ ಮಂಕಾಗಿದ್ದಳು. ಊರು ಬದಲಾದದ್ದು, ನೀರು ಬದಲಾದದ್ದು ಎಂದುಕೊಂಡೆ. ಶಾಲೆ ತೆರೆದ ಸೋಮವಾರ ಗೇಟಿನಲ್ಲಿ ಸಾಲು ಉದ್ದವಿತ್ತು. ನಮ್ಮ ಹಿಂದೆ ಎಣ್ಣೆ ಮಿಲ್ಲಿನವರ ಸೊಸೆ ವಿಶಾಲಾಕ್ಷಮ್ಮನ ಹಸಿರು ಕಾರು. ಹುಡುಗಿಯರಿಬ್ಬರೂ ಎಡಗಡೆಯ ಬಾಗಿಲಿನಿಂದಲೇ ದಬದಬನೆ ಇಳಿದು ನಿಂತರು. ಹಾಗೆ ಇಳಿದ ಮೇಲೂ ಬಾಡಿ ಮೇಲೇಳಲು ಒಂದೆರಡು ನಿಮಿಷ ಬೇಕು. ಗುರುಶಾಂತಪ್ಪ ಹಿಂದಿನ ಎಡ ಚಕ್ರಕ್ಕೆ ಬೆರಳಿಟ್ಟರು. ಮತ್ತೊಮ್ಮೆ ಇಟ್ಟು ನೋಡಿದರು.

“ಎರಡೇ ಬೆರಳು ಅಮ್ಮ. ಈ ಮೂಲೇಲಿ ಯಾರು ಕೂತಿದ್ದು?”

ಹಿಂದಿನಿಂದ ವಿಶಾಲಾಕ್ಷಮ್ಮ ಹಾರ್ನ್ ಒತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಂತೆ ಪ್ರಫುಲ್ಲ?” ಎಂದರು.

“ದಾಕ್ಷು,” ಎಂದೆ ನಾನು.

ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುತ್ತದಲ್ಲ, ಅಷ್ಟೇ ಬೇಗ ಬಾಯಿಂದ ಬಂತು. ಇಬ್ಬರು ಮಕ್ಕಳೂ ಅಲ್ಲೇ ನಿಂತಿದ್ದರು. ದಾಕ್ಷು ನನ್ನ ಮುಖ ನೋಡಿದಳು, ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ. ಇಂಚರ ತನ್ನ ಚಪ್ಪಲಿ ನೋಡಿಕೊಂಡಳು. ಗುರುಶಾಂತಪ್ಪ ದಾಕ್ಷುವಿನ ತಲೆ ಸವರಿ, “ಬಾ ಮಗ, ಮಿಸ್ ಹತ್ರ ಹೋಗೋಣ,” ಎಂದು ಕರೆದುಕೊಂಡು ಹೋದರು.

ಸಂಜೆ ಹೇಳಿ ಸರಿಮಾಡಬಹುದಿತ್ತು. ಮಾರನೆಯ ಬೆಳಿಗ್ಗೆಯೂ ಆಗಬಹುದಿತ್ತು. ನಾನು ಮಾಡಿದ್ದೇನೆಂದರೆ, ಮಂಗಳವಾರ ಹುಡುಗಿಯರು ಹತ್ತುವಾಗ ದಾಕ್ಷುವನ್ನು ಎಡಗಡೆ ಕೂರಿಸಿ, “ಇಂಚರ, ಅವಳ ಪಕ್ಕಕ್ಕೆ ಒತ್ತಿಕೊಂಡು ಕೂರು ಪುಟ್ಟಿ, ಆ ಕಡೆ ಸೀಟು ಒದ್ದೆಯಾಗಿದೆ,” ಎಂದೆ. ಸೀಟು ಒಣಗಿತ್ತು. ಇಂಚರ ಅದರ ಮೇಲೆ ಕೈಯಾಡಿಸಿ ನೋಡಿ, ದಾಕ್ಷುವಿಗೆ ಒತ್ತಿಕೊಂಡು ಕೂತಳು. ಗೇಟಿನಲ್ಲಿ ಮತ್ತೆ ಎರಡೇ ಬೆರಳು. ಮತ್ತೆ ದಾಕ್ಷು ಕಟ್ಟೆಗೆ ಹೋದಳು. ಬುಧವಾರವೂ ಹಾಗೇ ಆಯಿತು.

ಏನೂ ಇಲ್ಲದ ಮಗು ಏನನ್ನು ಇಳಿಸೀತು? ಮಿಸ್ ಮೂರು ದಿನ ಮೆತ್ತಗೆ ಕೇಳಿದರು. ಬುಧವಾರ ಮಧ್ಯಾಹ್ನ ದಾಕ್ಷು, ಸೀಮೆಸುಣ್ಣದ ಡಬ್ಬಿ ಕದ್ದಿದ್ದು ನಾನೇ ಎಂದುಬಿಟ್ಟಳು. ಯಾರೂ ಕದ್ದಿರದ ಡಬ್ಬಿ. ಬೀರುವಿನ ಹಿಂದೆ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ಒಪ್ಪಿಕೊಂಡಾಯಿತಲ್ಲ ಎಂದು ಮಿಸ್ ಸಮಾಧಾನಪಟ್ಟರು. ಆದರೆ ಆ ಒಪ್ಪಿಗೆ ಸುಳ್ಳು, ಒಳಗೆ ಕೂತ ಸುಳ್ಳಿಗೂ ತೂಕವಿದೆ. ಗುರುವಾರ ಆ ಮೂಲೆಯಲ್ಲಿ ಒಂದೇ ಬೆರಳು ಹೋಯಿತು. “ಸೀಮೆಸುಣ್ಣ ಒಂದೇ ಅಲ್ಲ, ಇನ್ನೂ ಏನೋ ದೊಡ್ಡದಿದೆ,” ಎಂದು ಹಿಟ್ಟಿನ ಗಿರಣಿ ತೀರ್ಪು ಕೊಟ್ಟಿತು. ಅಂದು ಸಂಜೆ ಮಂಗಳ ನಮ್ಮ ಬಾಗಿಲಿಗೆ ಬಂದು, ಒಳಗೆ ಬಾ ಎಂದರೂ ಬರದೆ, “ನಾಳೆಯಿಂದ ಅವಳು ನಡ್ಕೊಂಡು ಹೋಗ್ತಾಳೆ ಅಕ್ಕ. ನಿಮ್ಮ ಕಾರಿಗೆ ಯಾಕೆ ಕೆಟ್ಟ ಹೆಸರು,” ಎಂದಳು. ನಾನು “ಛೆ, ಹಾಗೆಲ್ಲ ಅನ್ಬೇಡ ಮಂಗಳ,” ಎಂದೆ. ಅಷ್ಟೇ ಎಂದದ್ದು. ಅವಳು ಹೋದ ಮೇಲೆ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕತ್ತು ಒರೆಸಿಕೊಂಡೆ. ಚಳಿಗಾಲ ಆರಂಭವಾಗಿತ್ತು, ಬೆವರುವ ದಿನವಲ್ಲ.

ಶುಕ್ರವಾರ ಹಿಂದಿನ ಸೀಟಿನಲ್ಲಿ ಇಂಚರ ಒಬ್ಬಳೇ ಕೂರಬೇಕಾಗಿತ್ತು. ಇನ್ನು ಯಾರ ಹೆಸರು ಹೇಳಲಿ? ಜೊತೆಗೆ ನನ್ನ ಮೂಲೆಯೂ ಇಳಿದಿತ್ತು. ಗಾಡಿ ಓಡಿಸುವವರ ಕಡೆ ಗೇಟಿನಲ್ಲಿ ಬೆರಳಿಡುವುದಿಲ್ಲ, ದೊಡ್ಡವರದ್ದು ದೊಡ್ಡವರಿಗೆ ಬಿಟ್ಟದ್ದು. ಆದರೂ ಕಣ್ಣಿದ್ದವರಿಗೆ ಕಾಣದೆ ಇರುತ್ತದೆಯೆ? ನಮ್ಮ ಕಾರಿನ ಬಲಗಣ್ಣು ಚರಂಡಿ ನೋಡುತ್ತಿತ್ತು. ಅಂದು ಇಂಚರಳಿಗೆ ಹೊಟ್ಟೆನೋವು ಎಂದು ರಜೆ ಹಾಕಿಸಿ, ಕಾರನ್ನು ನೇರ ಅಂತೋಣಪ್ಪನವರ ಗ್ಯಾರೇಜಿಗೆ ಒಯ್ದೆ.

“ಕಾರಿಗೆ ಬೇಕೋ, ಗೇಟಿಗೆ ಬೇಕೋ?”

“ಕಾರಿಗೆ ಅಣ್ಣ. ರಸ್ತೆ ಸರಿ ಇಲ್ಲ, ಹಂಪ್ ಜಾಸ್ತಿಯಾಗಿದೆ.”

“ಈ ಊರಲ್ಲಿ ನನ್ನ ಹತ್ರ ಬರೋರಿಗೆಲ್ಲ ರಸ್ತೆ ಸರಿ ಇರಲ್ಲ,” ಎಂದು ನಕ್ಕು, ಅವರು ಮಂಡಿಯೂರಿ ನಾಲ್ಕು ಮೂಲೆಯನ್ನೂ ಒಂದೊಂದಾಗಿ ಕೈಯಿಂದ ಒತ್ತಿ ಬಿಟ್ಟು ನೋಡಿದರು. ಒತ್ತಿದಾಗ ಕಾರು ಮೂರು ಸಲ ಕುಣಿದು ನಿಂತಿತು. “ಶಾಕ್ ಅಬ್ಸಾರ್ಬರು ಸತ್ತಿದಾವೆ. ಸ್ಪ್ರಿಂಗು ಸುಸ್ತಾಗಿದಾವೆ, ಆದ್ರೆ ಇಷ್ಟು ಇಳಿಯೋ ಅಷ್ಟು ಸುಸ್ತಾಗಿಲ್ಲ. ಕಂಪನಿ ಅಳತೆದೇ ಹೊಸದು ಹಾಕ್ಸಿಬಿಡಿ ತಾಯಿ. ಬುಷ್ಷು ಬದಲಾಯಿಸ್ತೀನಿ. ಗಾಡಿ ಹುಟ್ಟಿದಾಗ ಹೆಂಗಿತ್ತೋ ಹಂಗಾಗ್ತದೆ.”

“ಆಗ ನೆಟ್ಟಗೆ ನಿಲ್ಲುತ್ತಾ?”

“ಮನಸ್ಸಲ್ಲಿ ಏನೂ ಇಲ್ಲದೋರು ಕೂತ್ರೆ ನೆಟ್ಟಗೆ ನಿಲ್ತದೆ.”

ನಾನು ಗೋಡೆಗೆ ತೂಗುಹಾಕಿದ್ದ ಸಾಮಾನುಗಳ ಕಡೆ ನೋಡಿದೆ. ಬಳೆಯಂಥ ಕಪ್ಪು ರಬ್ಬರುಗಳು ಗೊಂಚಲಾಗಿದ್ದವು. ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವಂಥವು. ವಿಶಾಲಾಕ್ಷಮ್ಮನ ಹಸಿರು ಕಾರಿನ ಹಿಂದೆ ಅವು ಇವೆ ಎಂದು ಊರಿಗೇ ಗೊತ್ತು. ಅವನ್ನೇ ಹಾಕಿ ಎಂದೆ. ಅಂತೋಣಪ್ಪ ಬೇಡ ಎಂದು ತಲೆಯಾಡಿಸಿದರು. “ಒಂದು ಬೆರಳು ಏಳ್ತದೆ, ಅಷ್ಟೇ. ಬಿಸಿಲಿಗೆ ವರ್ಷದೊಳಗೆ ಸೀಳ್ತದೆ. ಗುರುಶಾಂತಪ್ಪ ಸ್ವಲ್ಪ ಬಗ್ಗಿದ್ರೆ ಕಾಣ್ತದೆ. ಮುಚ್ಚಿಟ್ಟಿದ್ದೂ ಕಂಡು, ಮುಚ್ಚಿದ್ದೂ ಕಂಡು ಎರಡು ಸಲ ಮಾನ ಹೋಗ್ತದೆ.” ಹಾಗಾದರೆ ಗೋಡೆಯ ಆ ತುದಿಯಲ್ಲಿ ಗಿಡ್ಡಗಿರುವುದು ಏನು ಎಂದೆ. “ಅದಾ? ತಗ್ಗಿಸೋ ಸ್ಪ್ರಿಂಗು. ಗಾಡೀನ ಮೊದ್ಲೇ ನೆಲಕ್ಕೆ ಅಂಟಿಸಿಬಿಟ್ರೆ ಆಮೇಲೆ ಇಳಿದಿದ್ದು ಯಾರಿಗ್ ಗೊತ್ತಾಗ್ತದೆ, ಅಂತ ಮದುವೆಗೆ ಮುಂಚೆ ಹುಡುಗ್ರು ಹಾಕುಸ್ತಾರೆ. ಹೊಟ್ಟೆ ಉಜ್ಕೊಂಡು ಹೋಗ್ತದೆ. ನಿಮಗೇನು ಹೆಣ್ಣು ನೋಡಕ್ಕೆ ಹೋಗ್ಬೇಕಾ?”

ನನಗೆ ನಗು ಬರಲಿಲ್ಲ. ಉಳಿದದ್ದು ದಪ್ಪ ಕಂಬಿಯ ಸ್ಪ್ರಿಂಗು, ಸಾಮಾನು ಹೇರುವ ಗಾಡಿಗಳಿಗೆಂದು ಮಾಡಿದ್ದು. ಎರಡು ಕೈಯಲ್ಲಿ ಹಿಡಿದು ಅದುಮಿದರೆ ಕೂದಲೆಳೆಯಷ್ಟೂ ಬಗ್ಗಲಿಲ್ಲ. ಇದು, ಎಂದೆ. ಅಂತೋಣಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. “ಹಾಕಬೋದು. ಇದ್ರ ಜೊತೆಗೆ ಗ್ಯಾಸ್ ಶಾಕು ಹಾಕ್ಲೇಬೇಕು, ಇಲ್ಲಾಂದ್ರೆ ಗಾಡಿ ಕಪ್ಪೆ ತರ ನೆಗೀತದೆ. ನಾಲ್ಕೂ ಕಡೆ ಹಾಕ್ಬೇಕು, ಹಿಂದೆ ಎರಡೇ ಹಾಕಿದ್ರೆ ತಿರುವಲ್ಲಿ ಬಾಲ ಬೀಸ್ತದೆ. ಎಲ್ಲ ಮಾಡಬೋದು. ಆದ್ರೆ ಒಂದು ಮಾತು ಕೇಳಿ ತಾಯಿ. ಸ್ಪ್ರಿಂಗ್ ಇರೋದೇ ಬಗ್ಗಕ್ಕೆ. ಅದು ಬಗ್ಗದಿದ್ರೆ ಭಾರ ಎಲ್ಲಿಗ್ ಹೋಗ್ತದೆ? ಗಾಡಿಯ ಬಾಡಿ ಮೇಲೇ ಹೋಗ್ತದೆ. ಇದು ಇಪ್ಪತ್ತೆರಡು ವರ್ಷದ ತಗಡು.” ಆಮೇಲೆ ದನಿ ತಗ್ಗಿಸಿ, “ಇದಕ್ಕೆಲ್ಲ ಮುಂಚೆ ಮನೇಲಿ ಒಂದು ಸಲ ಕೇಳಿ ನೋಡಬಾರ್ದಾ?” ಎಂದರು.

“ಮನೇಲಿ ಏನೂ ಇಲ್ಲ ಅಣ್ಣ,” ಎಂದೆ ನಾನು. “ನೀವು ಹಾಕಿ.”

ಕಾರು ಹೊರಬಂದಾಗ ಎರಡು ಬೆರಳು ಎತ್ತರವಾಗಿತ್ತು. ಸಂಜೆ ನಮ್ಮ ಯಜಮಾನರು ಕೆಲಸದಿಂದ ಬಂದವರೇ ಸುತ್ತ ಒಂದು ಸುತ್ತು ಹಾಕಿ, “ಪರವಾಗಿಲ್ಲವೇ, ಮುದಿ ಎತ್ತಿಗೆ ಕೊಂಬು ಹೆರೆಸಿದ ಹಾಗಿದೆ,” ಎಂದು ಸಂತೋಷಪಟ್ಟರು. ಸೋಮವಾರ ಗೇಟಿನಲ್ಲಿ ಎಲ್ಲ ಚಕ್ರಕ್ಕೂ ನಾಲ್ಕು ಬೆರಳು ಸಲೀಸಾಗಿ ಹೋದವು. ಗುರುಶಾಂತಪ್ಪ ಒಂದು ಕ್ಷಣ ನನ್ನ ಮುಖ ನೋಡಿ ಕೈ ಬೀಸಿದರು. ಅಲ್ಲಿಂದ ಬರುವ ದಾರಿಯಲ್ಲಿ ದಾಕ್ಷು ಒಬ್ಬಳೇ ಗೋಡೆಯ ಮಗ್ಗುಲಲ್ಲಿ ನಡೆದುಬರುತ್ತಿದ್ದಳು. ನಾನು ಕನ್ನಡಿ ಸರಿಮಾಡಿಕೊಳ್ಳುವವಳಂತೆ ಆ ಕಡೆ ನೋಡಲಿಲ್ಲ.

ಹಾಗೆ ಮೂರು ತಿಂಗಳು ಕಳೆಯಿತು. ಗಟ್ಟಿ ಸ್ಪ್ರಿಂಗಿನ ಕಾರು ಸಣ್ಣ ಕಲ್ಲಿಗೂ ಎಗರುತ್ತಿತ್ತು. ಇಂಚರಳ ತಲೆ ಕಿಟಕಿಗೆ ಬಡಿಯುತ್ತಿತ್ತು. ಮೊದಲಾದರೆ “ಅಮ್ಮಾ, ನಿಧಾನ!” ಎಂದು ಕಿರುಚುತ್ತಿದ್ದ ಮಗು ಈಗ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಊಟ ಕಡಿಮೆಯಾಯಿತು. ನಾನು ಅವಳಿಗೆ ಇಷ್ಟವೆಂದು ಒತ್ತುಶಾವಿಗೆ ಮಾಡಿದೆ, ಎಳ್ಳೆಣ್ಣೆ ಕಾಯಿಸಿ ತಲೆಗೆ ತಟ್ಟಿದೆ, ಜಡೆಗೆ ಹೊಸ ಟೇಪು ತಂದೆ. ಎಣ್ಣೆ ತಟ್ಟುವಾಗ ಅವಳ ಪುಟ್ಟ ತಲೆ ನನ್ನ ಎರಡು ಕೈಯೊಳಗೇ ಇರುತ್ತಿತ್ತು. ಏನು ಕಂದ ಎಂದು ಕೇಳಲು ಅದಕ್ಕಿಂತ ಹತ್ತಿರ ಯಾರು ಹೋಗಬಲ್ಲರು? ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಭಯ. ಮಗುವಿಗೆ ಏನಾಗಿದೆ ಎಂದು ತಿಳಿಯದ ತಾಯಿಯಾಗಿರಲಿಲ್ಲ ನಾನು. ತಿಳಿಯುವುದು ಬೇಡವಾಗಿದ್ದ ತಾಯಿ.

ಸಂಕ್ರಾಂತಿ ಕಳೆದ ವಾರ ಹಿಂದಿನಿಂದ ಕಟ್ ಕಟ್ ಎಂಬ ಸದ್ದು ಆರಂಭವಾಯಿತು. ಮಗಳನ್ನು ಶಾಲೆಗೆ ಬಿಟ್ಟು ಗ್ಯಾರೇಜಿಗೆ ಹೋದೆ. ಅಂತೋಣಪ್ಪ ಕಾರನ್ನು ಜ್ಯಾಕಿನ ಮೇಲೆತ್ತಿ, ಹಿಂದಿನ ಸೀಟು ಬಿಚ್ಚಿ ಹೊರಗಿಟ್ಟು, ಹಾಸಿದ್ದ ರಬ್ಬರ್ ಮ್ಯಾಟು ಸುರುಳಿ ಸುತ್ತಿದರು. ಸುತ್ತಿದವರು ಹಾಗೇ ನಿಂತರು. “ಇಲ್ಲಿ ಬನ್ನಿ ತಾಯಿ.”

ಎಡಗಡೆ, ಸ್ಪ್ರಿಂಗಿನ ಮೇಲ್ತುದಿ ಬಂದು ಕೂರುವ ಜಾಗದಲ್ಲಿ ತಗಡು ಗೇಣುದ್ದ ಸೀಳಿತ್ತು. ಸೀಳಿನಿಂದ ಕೆಳಗಿನ ನೆಲ ಕಾಣುತ್ತಿತ್ತು, ಅಲ್ಲಿ ಬಿದ್ದಿದ್ದ ಬೀಡಿತುಂಡು ಕೂಡ. ಅಂತೋಣಪ್ಪ ಸ್ಕ್ರೂಡ್ರೈವರ್ ತೂರಿಸಿದರು. ಹಿಡಿಯವರೆಗೂ ಹೋಯಿತು.

“ಈ ಮೂಲೇಲಿ ಯಾರು ಕೂರ್ತಾರೆ?”

“ನನ್ನ ಮಗಳು,” ಎಂದೆ.

“ಎಷ್ಟು ವರ್ಷ?”

“ಹತ್ತು.”

“ಹತ್ತು ವರ್ಷದ ಮಗು ಇಷ್ಟು ತೂಗಲ್ಲ ತಾಯಿ,” ಎಂದರು. ಗದರಿದ ದನಿಯಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು. “ಇನ್ನೊಂದು ಹದಿನೈದು ದಿನ ಬಿಟ್ಟಿದ್ರೆ ಹಂಪ್ ಮೇಲೆ ಸ್ಪ್ರಿಂಗು ಸೀಟು ತೂತು ಮಾಡ್ಕೊಂಡು ಬರ್ತಿತ್ತು. ನನಗೂ ಬುದ್ಧಿ ಇಲ್ಲ, ನೀವು ಕೇಳಿದ್ರಿ ಅಂತ ಹಾಕ್ಬಿಟ್ಟೆ. ಬೆಸುಗೆ ಹಾಕ್ತೀನಿ, ಒಳಗಡೆ ಪಟ್ಟಿ ಕೊಡ್ತೀನಿ. ಈ ಸ್ಪ್ರಿಂಗ್ ಮಾತ್ರ ಮತ್ತೆ ನನ್ನ ಕೈಯಲ್ಲಿ ಹಾಕಲ್ಲ. ಬೇಕಾದ್ರೆ ಬೇರೆ ಕಡೆ ಹೋಗಿ.”

“ಕಂಪನಿ ಅಳತೆದೇ ಹಾಕಿ,” ಎಂದೆ. ಅಷ್ಟು ಹೇಳಿ, ಬಿಚ್ಚಿಟ್ಟಿದ್ದ ಆ ಹಿಂದಿನ ಸೀಟಿನ ಮೇಲೆಯೇ ಕೂತುಬಿಟ್ಟೆ. ಮಗಳು ಕೂರುವ ಜಾಗದಲ್ಲಿ ಬಟ್ಟೆ ಅಂಗೈಯಷ್ಟಗಲ ಸವೆದಿತ್ತು.

ಅಂದು ಸಂಜೆ ನಾವಿಬ್ಬರೂ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ನನ್ನ ಮೊರ ಬೇಗ ತುಂಬುತ್ತಿತ್ತು, ಅವಳದು ನಿಧಾನ. “ಇಂಚರ,” ಎಂದೆ, “ಅಮ್ಮ ಒಂದು ಕೇಳ್ತೀನಿ. ಮೂರು ತಿಂಗಳ ಹಿಂದೇನೇ ಕೇಳಬೇಕಿತ್ತು. ಕೇಳ್ಲಿಲ್ಲ. ನಿನ್ನ ಮನಸ್ಸಲ್ಲಿ ಏನಿದೆ ಕಂದ?”

ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳು ಒಂದೊಂದಾಗಿ ಮೊರಕ್ಕೆ ಹಾಕಿದಳು. “ಯಾವ್ದು? ಮೊದಲನೇದಾ, ಆಮೇಲಿಂದಾ?”

“ಎರಡೂ ಹೇಳು.”

“ಮೊದಲನೇದು ಚಿಕ್ಕದು. ಚಿಕ್ಕಮ್ಮನ ಮನೇಲಿ ಒಂದಿನ ಹಾಸಿಗೇಲಿ ಉಚ್ಚೆ ಹೋಯ್ತು. ತೇಜು ಎಲ್ಲಾರ್ಗೂ ಹೇಳಿ ನಗಾಡ್ದ. ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಅಷ್ಟೇ. ಒಂದು ಒದ್ದೆ ಹಾಸಿಗೆ. ಅದಕ್ಕೆ ಎರಡು ಬೆರಳಿನಷ್ಟು ತೂಕ. ಅಂದು ಗೇಟಿನಲ್ಲಿ ನಾನು ಇದ್ದದ್ದು ಹೇಳಿದ್ದರೆ, ಆ ಕಟ್ಟೆಯ ಮೇಲೆ ಐದು ನಿಮಿಷದ ಅಳು, ನಲ್ಲಿಯ ನೀರು, ಮುಗಿದುಹೋಗುತ್ತಿತ್ತು.

“ಆಮೇಲಿಂದು?”

“ನಿಂಗೊತ್ತಲ್ಲಮ್ಮ.”

“ನೀನು ಹೇಳು.”

“ನೀನು ದಾಕ್ಷು ಅಂದೆಯಲ್ಲ,” ಎಂದಳು. ಕಣ್ಣು ಮೊರದ ಮೇಲೇ ಇತ್ತು. “ನಾನು ಅಂತ ನಾನು ಹೇಳಿದ್ರೆ ನೀನು ಸುಳ್ಳು ಹೇಳಿದ್ದು ಮಿಸ್ಸಿಗೆ ಗೊತ್ತಾಗ್ತಿತ್ತು. ಅದಕ್ಕೆ ಹೇಳ್ಲಿಲ್ಲ. ದಾಕ್ಷು ನನ್ನ ಕೇಳಿದ್ಲು, ನಾನೇನು ಮಾಡಿದೀನಿ ಅಂತ ನಿಂಗೇನಾದ್ರೂ ಗೊತ್ತೇನೇ ಅಂತ. ಗೊತ್ತಿಲ್ಲ ಅಂದೆ. ಅವಳು ರಾತ್ರಿಯೆಲ್ಲ ನೆನಪು ಮಾಡ್ಕೊಂಡ್ಲಂತೆ. ಏನೂ ನೆನಪಾಗ್ಲಿಲ್ವಂತೆ.”

ನಾನು ಅವಳನ್ನು ಎಳೆದು ಅಪ್ಪಿಕೊಂಡೆ. ಮೊರ ಮಗುಚಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ನನ್ನ ಮಾನ ಕಾಪಾಡುವ ಕೆಲಸವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಹಾಕಿ, ಅದರ ಮೇಲೆ ನಾನು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಅತ್ತಳು. ಅತ್ತು ಮುಗಿದ ಮೇಲೆ ತಾನೇ ಕೂತು ಕಾಳು ಆಯ್ದಳು.

ಕತ್ತಲಾಗುವ ಮೊದಲೇ ಮಂಗಳಳ ಮನೆಗೆ ಹೋದೆ. ಅವಳು ಹಪ್ಪಳ ಒತ್ತುತ್ತಿದ್ದಳು, ದಾಕ್ಷು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಕಟ್ಟಿಕೊಡುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೂಲೆ ಇಂಚರಳದು ಎಂದೆ. ಒದ್ದೆಯಿರದ ಸೀಟಿನ ವಿಷಯ, ಒತ್ತಿಕೊಂಡು ಕೂರು ಎಂದ ವಿಷಯ, ಅದನ್ನೂ ಬಿಡದೆ ಹೇಳಿದೆ. ಮಂಗಳ ಒತ್ತುತ್ತಿದ್ದ ಹಪ್ಪಳವನ್ನು ನಿಲ್ಲಿಸದೆ ಗುಂಡಗೆ ಮಾಡಿ ಮುಗಿಸಿ, ಚಾಪೆಯ ಮೇಲೆ ಹಾಕಿ, ಆಮೇಲೆ ತಲೆಯೆತ್ತಿದಳು.

“ಮೂರು ತಿಂಗಳು ಇವಳನ್ನ ಹೊಡೆದಿದೀನಿ ಅಕ್ಕ,” ಎಂದಳು. “ಏನು ಮುಚ್ಚಿಟ್ಟಿದೀಯ ಹೇಳು, ಹೇಳು ಅಂತ. ಇಲ್ಲ ಅಂದ್ರೆ ಸುಳ್ಳಿ ಅಂತ ಹೊಡೆದೆ.”

ನಾನು ತಪ್ಪಾಯ್ತು ಎಂದೆ.

“ಇಲ್ಲಿ ನಮ್ಮನೇಲಿ ಬಂದು ಹೇಳ್ತಿದೀರ. ಊರು ಕೇಳಿದ್ದು ಗೇಟಲ್ಲಿ,” ಎಂದು ಅವಳು ಇನ್ನೊಂದು ಉಂಡೆಗೆ ಕೈ ಹಾಕಿದಳು. ದಾಕ್ಷು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಮಾತಾಡಿರುತ್ತಿದ್ದಳು.

ಮಾರನೆಯ ಬೆಳಿಗ್ಗೆ ಕಾರು ಗ್ಯಾರೇಜಿನಲ್ಲೇ ಇತ್ತು. ಇಂಚರಳ ಕೈ ಹಿಡಿದು ನಡೆದೇ ಹೋದೆ, ಸಾಲು ಅತ್ಯಂತ ಉದ್ದವಾಗಿರುವ ಹೊತ್ತಿಗೆ. ಗುರುಶಾಂತಪ್ಪ ಯಾರದೋ ಚಕ್ರಕ್ಕೆ ಬಗ್ಗಿದ್ದವರು, “ಏನಮ್ಮ, ಗಾಡಿ ಕೆಟ್ಟೋಯ್ತಾ?” ಎಂದರು. ಇಲ್ಲ ಎಂದು, ಗೇಟಿನ ಕಂಬಿ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ದಸರೆಯ ರಜೆ ಮುಗಿದು ಬಂದ ದಿನ ನಮ್ಮ ಕಾರಿನಲ್ಲಿ ಇಳಿದಿದ್ದ ಮೂಲೆ ದಾಕ್ಷಾಯಿಣಿಯದಲ್ಲ, ನನ್ನ ಮಗಳದು. ನಾನು ಸುಳ್ಳು ಹೇಳಿದೆ. ಆ ಸುಳ್ಳು ಕಾಣಬಾರದು ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ. ದಾಕ್ಷು ಏನೂ ಮಾಡಿಲ್ಲ.

ಹಿಂದೆ ಯಾರೋ ಹಾರ್ನ್ ಒತ್ತಿ, ಅರ್ಧಕ್ಕೆ ನಿಲ್ಲಿಸಿದರು. ವಿಶಾಲಾಕ್ಷಮ್ಮ ಕಿಟಕಿಯ ಗಾಜು ಏರಿಸಿಕೊಂಡರು. ಇನ್ನಿಬ್ಬರು ತಮ್ಮ ತಮ್ಮ ಕಾರಿನ ಚಕ್ರಗಳನ್ನೇ ನೋಡತೊಡಗಿದರು. “ಅಯ್ಯೋ ದೇವರೇ, ಇಷ್ಟು ದಿನ ಆ ಕೂಸನ್ನ!” ಎಂದು ಒಬ್ಬ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಕುಸುಮಾ ಮಿಸ್ ಕಟ್ಟೆಯ ಹತ್ತಿರದಿಂದ ಬಂದು ನಿಂತಿದ್ದರು. ಅವರ ಮುಖ ಬಿಳಿಚಿತ್ತು.

ಅಷ್ಟರಲ್ಲಿ ದಾಕ್ಷು ಗೋಡೆಯ ಮಗ್ಗುಲಿನಿಂದ ನಡೆದುಬಂದಳು. ಗುಂಪು ನೋಡಿ ಹೆದರಿ ನಿಂತಳು. ಮಿಸ್ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ನಾನು ಸೀಮೆಸುಣ್ಣ ಕದ್ದಿಲ್ಲ ಮಿಸ್,” ಎಂದಳು ದಾಕ್ಷು.

“ಮತ್ತೆ ಯಾಕಮ್ಮ ಹಂಗೆ ಹೇಳ್ದೆ?”

“ನೀವು ದಿನಾ ಕೇಳ್ತಿದ್ರಿ.”

ನಾನು ಅವಳ ಹತ್ತಿರ ಹೋಗಿ, “ನಾಡಿದ್ದು ಕಾರು ಬರುತ್ತೆ ದಾಕ್ಷು. ಮೊದಲಿನ ಹಾಗೆ ಬಲಗಡೆ ಕೂತ್ಕೊಂಡು ಬಾ ಕಂದ,” ಎಂದೆ. ಅಷ್ಟು ಜನರ ಮುಂದೆ ತಲೆ ತಗ್ಗಿಸಿದ್ದೇನಲ್ಲ, ಇಷ್ಟಾದರೂ ಸಿಕ್ಕೀತು ಎಂಬ ಆಸೆ ನನ್ನ ದನಿಯಲ್ಲಿತ್ತು. ನನಗೇ ಕೇಳಿಸಿತು.

“ಬೇಡ ಆಂಟಿ,” ಎಂದಳು ಅವಳು, ಸಿಟ್ಟಿಲ್ಲದೆ, ದೊಡ್ಡವರ ಹಾಗೆ. “ನಡ್ಕೊಂಡು ಬಂದ್ರೆ ಯಾರೂ ಏನೂ ಕೇಳಲ್ಲ.”

ಕಾರು ಬಂದು ಈಗ ತಿಂಗಳಾಯಿತು. ಹಳೆಯ ಅಳತೆಯ ಸ್ಪ್ರಿಂಗಿನ ಮೇಲೆ ಮೆತ್ತಗೆ ಓಡುತ್ತದೆ, ನೆಟ್ಟಗೂ ನಿಲ್ಲುತ್ತದೆ. ಆದರೆ ಬೆಳಿಗ್ಗೆ ಅದು ಕೊಟ್ಟಿಗೆಯಿಂದ ಹೊರಡುವುದಿಲ್ಲ. ಕಾರು ಬಂದ ದಿನವೇ ಇಂಚರ ಚೀಲ ಬೆನ್ನಿಗೇರಿಸಿ, “ನಾನೂ ದಾಕ್ಷು ಜೊತೆ ನಡ್ಕೊಂಡು ಹೋಗ್ತೀನಿ ಅಮ್ಮ,” ಎಂದಳು. ಮೊದಲ ವಾರ ದಾಕ್ಷು ನಾಲ್ಕು ಹೆಜ್ಜೆ ಮುಂದೆ, ಇವಳು ಹಿಂದೆ. ಈಗ ಜೊತೆಜೊತೆಗೆ ಹೋಗುತ್ತಾರೆ. ಮೊನ್ನೆ ದಾಕ್ಷು ಯಾವುದೋ ಕತ್ತೆಗೆ ಏನೋ ಹೆಸರಿಟ್ಟಳೆಂದು ಕಾಣುತ್ತದೆ, ಇಂಚರ ಬಗ್ಗಿ ಬಗ್ಗಿ ನಗುತ್ತಿದ್ದಳು. ಏನು ಹೆಸರೆಂದು ಸಂಜೆ ಕೇಳಿದೆ. “ಅದು ನಮ್ಮಿಬ್ಬರದು,” ಎಂದಳು.

ಎಂಟೂವರೆಗೆ ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಕೈಯಲ್ಲೇ ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಅವರು ನಮ್ಮ ಮನೆಯ ಮುಂದೆಯೇ ತಿರುಗಿ ಹೋಗಬೇಕು. ತಿರುವಿನಲ್ಲಿ ಇಂಚರ ಕೈಯೆತ್ತಿ ಬೀಸುತ್ತಾಳೆ. ದಾಕ್ಷು ನೋಡುವುದಿಲ್ಲ. ಒಂದು ದಿನವೂ ನೋಡಿಲ್ಲ. ದಾಕ್ಷು ತಿರುವು ದಾಟುವವರೆಗೂ ನಾನು ಕೈ ಎತ್ತುವುದಿಲ್ಲ, ಎತ್ತಿದರೆ ಅವಳಿಂದಲೂ ಉತ್ತರ ಬಯಸಿದ ಹಾಗಾಗುತ್ತದೆ ಎಂದು. ಅವರು ಮರೆಯಾದ ಮೇಲೆ ಮತ್ತೆ ಪಾತ್ರೆಯ ಹತ್ತಿರ ಬರುತ್ತೇನೆ.